ಹಳೇ ಅಚ್ಚಿನ ಮೇಷ್ಟ್ರು

ಪುಟ ತಿರುಗಿಸಲು ಬೆರಳನ್ನು ನಾಲಗೆಗೆ ತಾಗಿಸಿದವರನ್ನು ಮೇಷ್ಟ್ರು ಮತ್ತೆ ಮನೆಗೆ ಕರೆಯುತ್ತಿರಲಿಲ್ಲ. ನಾನು ಮೊದಲ ಸಲ ಹೋದಾಗಲೇ ಹಾಗೆ ಮಾಡಿಬಿಟ್ಟೆ. ಅವರು ನನ್ನ ಕೈಯಲ್ಲಿದ್ದ ಪುಸ್ತಕವನ್ನು ಮೆಲ್ಲಗೆ ಎಳೆದುಕೊಂಡು, "ಮೇಡಂ, ಇದು ದಿನಸಿ ಅಂಗಡಿ ಚೀಟಿ ಅಲ್ಲ," ಎಂದರು. ಆದರೂ ನನ್ನನ್ನು ದೂರ ಇಡಲಿಲ್ಲ. ಅದಕ್ಕೆ ನನ್ನ ಹಳೆಯ ಕಾರೇ ಕಾರಣ ಎಂದು ಅವರ ಹೆಂಡತಿ ಗಿರಿಜಕ್ಕ ನಗುತ್ತಿದ್ದರು. ಮೇಷ್ಟ್ರಿಗೆ ಯಾವ ಗಾಡಿಯನ್ನೂ ಓಡಿಸಲು ಬರುತ್ತಿರಲಿಲ್ಲ. ಪುಸ್ತಕ ಹುಡುಕಿಕೊಂಡು ಹೋಗಲು ಬಸ್ಸು ಸಾಲುತ್ತಿರಲಿಲ್ಲ.

ರಾಜಾಜಿನಗರದ ಕಾಲೇಜೊಂದರಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು, ನಾನು ಅರ್ಥಶಾಸ್ತ್ರ. ಕಳೆದ ಆಷಾಢದಲ್ಲಿ ಅವರು ತೀರಿಕೊಂಡಾಗ ಕಾಲೇಜಿನ ಹಳಬರ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ಒಳ್ಳೆಯ ಮೇಷ್ಟ್ರು, ಕ್ಲಾಸಿಗೆ ತಡವಾಗಿ ಬಂದವರಲ್ಲ, ಲ್ಯಾಬಿನಲ್ಲಿ ಯಾರ ಕೈಯೂ ಸುಡಲು ಬಿಟ್ಟವರಲ್ಲ ಎಂದೆಲ್ಲ ಬರೆದರು. ಪುಸ್ತಕಗಳ ಮಾತನ್ನು ಯಾರೂ ಎತ್ತಲಿಲ್ಲ. ಹುಡುಗರು ಅವರನ್ನು ಬೆನ್ನ ಹಿಂದೆ 'ಫಾದರ್' ಎಂದು ಕರೆಯುತ್ತಿದ್ದುದು ಎಲ್ಲರಿಗೂ ನೆನಪಿದ್ದಿರಬೇಕು. ಸಾವಿನ ಹೊತ್ತಿಗೆ ಅದು ಸರಿಯಲ್ಲವೆಂದು ಸುಮ್ಮನಾಗಿರಬಹುದು.

ಲ್ಯಾಬಿಗೆ ಬೇಕಿದ್ದ ಹಿತ್ತಾಳೆ ತಕ್ಕಡಿಯೊಂದನ್ನು ಹುಡುಕಿಕೊಂಡು ಅವರು ಒಮ್ಮೆ ಕಾಮಾಕ್ಷಿಪಾಳ್ಯದ ಗುಜರಿ ಅಂಗಡಿಗೆ ಹೋಗಿದ್ದರಂತೆ. ಅಲ್ಲಿ ರದ್ದಿಯ ನಡುವೆ ರಟ್ಟು ಕಿತ್ತುಹೋದ ತೆಳ್ಳನೆಯ ಪುಸ್ತಕವೊಂದು ಸಿಕ್ಕಿತು. ಪಾದ್ರಿಗಳು ಇಲ್ಲಿಗೆ ಬಂದ ಹೊಸದರಲ್ಲಿ ಮಿಷನ್ನಿನ ಅಚ್ಚುಕೂಟದಲ್ಲಿ ಮಾಡಿಸಿದ, ಕ್ರೈಸ್ತ ಧರ್ಮದ ಪ್ರಶ್ನೋತ್ತರ ಅದು. ಪದಗಳ ನಡುವೆ ಜಾಗವಿರಲಿಲ್ಲ, ವಾಕ್ಯ ಎಲ್ಲಿ ಮುಗಿಯಿತೆಂದು ತಿಳಿಯುವ ಹಾಗಿರಲಿಲ್ಲ. 'ದೇವರು' ಎಂಬುದು 'ದೆವರು' ಎಂದು ಅಚ್ಚಾಗಿತ್ತು. "ಆಗಿನ ಅಚ್ಚಿನ ಮೊಳೆಗಳಲ್ಲಿ ಆ ದೀರ್ಘ ಇರ್ಲಿಲ್ಲ ಮೇಡಂ. ದೇವರಿಗೇ ಇನ್ನೂ ದೀರ್ಘ ಬಂದಿರ್ಲಿಲ್ಲ," ಎಂದು ಅವರು ಹೇಳುವಾಗ ಮುಖ ಅರಳುತ್ತಿತ್ತು. ತಕ್ಕಡಿಯನ್ನು ಮರೆತು ಆ ಪುಸ್ತಕ ಹಿಡಿದುಕೊಂಡು ಮನೆಗೆ ಬಂದವರು ಮುಂದೆ ವರ್ಷಗಟ್ಟಲೆ ಅಂಥವನ್ನೇ ಹುಡುಕಿದರು.

ಬಸವೇಶ್ವರನಗರದ ಎರಡನೇ ಮಹಡಿಯ ಅವರ ಮನೆಯಲ್ಲಿ ಎರಡು ಸ್ಟೀಲ್ ಬೀರುಗಳಿದ್ದವು. ಒಂದರಲ್ಲಿ ಗಿರಿಜಕ್ಕನ ಸೀರೆ, ಇನ್ನೊಂದರಲ್ಲಿ ಕನ್ನಡದ ಹಳೆಯ ಕ್ರೈಸ್ತ ದೈವಶಾಸ್ತ್ರ. ಪಾಪ, ಕೃಪೆ, ತ್ರಯೇಕತ್ವ, ನರಕ, ಕಡೆಯ ತೀರ್ಪು. ಬ್ಯಾಪ್ಟಿಸಮ್ಮನ್ನು ಒಂದು ಪಂಗಡ 'ಜ್ಞಾನಸ್ನಾನ' ಎಂದರೆ ಇನ್ನೊಂದು ಪಂಗಡ 'ದೀಕ್ಷಾಸ್ನಾನ' ಎಂದು ಹಟ ಹಿಡಿದು ಬರೆದ ವಾದಗಳು. ಬೇವಿನ ಎಲೆ, ಒತ್ತುಕಾಗದ, ತೇವ ಹೀರುವ ಹರಳಿನ ಪೊಟ್ಟಣ, ಎಲ್ಲವನ್ನೂ ಅಳೆದು ಇಟ್ಟಿದ್ದರು. ಕಾಗದಕ್ಕೆ ಹುಳಿ ಹತ್ತಿದೆಯೋ ಇಲ್ಲವೋ ಎಂದು ಮೂಗಿನಿಂದಲೇ ಹೇಳುತ್ತಿದ್ದರು.

ನಂಬಿಕೆ ಅವರಿಗಿರಲಿಲ್ಲ. ಗೌರಿ ಹಬ್ಬಕ್ಕೆ ಗಿರಿಜಕ್ಕ ಹೇಳಿದ ಕಡೆ ಕೂತು, ಹೇಳಿದಾಗ ಏಳುವುದಷ್ಟೇ ಅವರ ಧರ್ಮ. ನಾನು ಕೇಳಿದಾಗ ಹೇಳಿದರು: "ದೇವರ ವಿಚಾರ ನಂಗೊತ್ತಿಲ್ಲ ಮೇಡಂ. ದೇವರ ಬಗ್ಗೆ ನಮ್ಮ ಭಾಷೇಲಿ ಹೊಸದಾಗಿ ಮಾತಾಡೋಕೆ ಹೊರಟೋರು ಪಟ್ಟ ಕಷ್ಟ ಗೊತ್ತು. ಒಂದೊಂದು ಪದಕ್ಕೂ ಬೆವರಿದಾರೆ."

ಬೀದಿಯವರಿಗೆ ಇದು ಅರ್ಥವಾಗುವುದು ಕಷ್ಟವಿತ್ತು. ಸತ್ಯನಾರಾಯಣ ಪೂಜೆಗೆ ಬಂದ ಪುರೋಹಿತರು ತೆರೆದಿದ್ದ ಬೀರು ನೋಡಿ ಅರ್ಧ ಮಂತ್ರದಲ್ಲಿ ನಿಂತರು. ಕೆಳಗಿನ ಮನೆಯವರು ಒಮ್ಮೆ ಗಿರಿಜಕ್ಕನನ್ನು ಗೇಟಿನ ಹತ್ತಿರ ತಡೆದು, "ಆಂಟಿ, ಅಂಕಲ್ಲು ಮತ ಗಿತ ಬದಲಾಯಿಸ್ತಿದಾರಾ?" ಎಂದು ಕೇಳಿದ್ದರು. "ಬದಲಾಯಿಸ್ಬೇಕು ಅಂದ್ರೆ ಮೊದ್ಲು ಪುಸ್ತಕ ಕೆಳಗಿಡ್ಬೇಕಲ್ಲಪ್ಪ," ಎಂದು ಗಿರಿಜಕ್ಕ ಹಾಲಿನ ಪ್ಯಾಕೆಟ್ಟು ತೆಗೆದುಕೊಂಡು ಮೇಲೆ ಹತ್ತಿದರು.

ಇಷ್ಟೇ ಆಗಿದ್ದರೆ ಅವರನ್ನು ಒಬ್ಬ ಮುಗ್ಧ ಮೇಷ್ಟ್ರೆಂದು ಬರೆದು ನಿಲ್ಲಿಸಬಹುದಿತ್ತು. ಆದರೆ ಅವರ ಜೊತೆ ಊರೂರು ಸುತ್ತಿದವಳಾದ್ದರಿಂದ ನಾನು ಬೇರೆಯದನ್ನೂ ನೋಡಿದ್ದೇನೆ. ಹಳೆಯ ಕ್ರೈಸ್ತ ಕುಟುಂಬಗಳ ಮನೆಗೆ ಹೋದಾಗ ಅವರು ಮಾತು ಶುರುಮಾಡುತ್ತಿದ್ದುದು ಮಳೆಯ ಬಗ್ಗೆ, ಮಕ್ಕಳ ಓದಿನ ಬಗ್ಗೆ. ಬೇಕಾದ ಪುಸ್ತಕ ಎದುರಿನ ಗೂಡಿನಲ್ಲಿದ್ದರೂ ಅದರ ಕಡೆ ನೋಡುತ್ತಿರಲಿಲ್ಲ. ಎರಡನೇ ಕಾಫಿಯ ಹೊತ್ತಿಗೆ, ಏನೋ ಈಗ ಕಣ್ಣಿಗೆ ಬಿದ್ದ ಹಾಗೆ, "ಅದೇನಮ್ಮ ಹಳೇ ಪುಸ್ತಕ?" ಎನ್ನುತ್ತಿದ್ದರು. ಕಾರಿಗೆ ಮರಳಿದ ಮೇಲೆ ನನಗೆ ಪಾಠ: "ಬೇಕು ಅಂತ ತೋರಿಸ್ಬಾರ್ದು ಮೇಡಂ. ತೋರಿಸಿದ್ರೆ ಅವರಿಗೂ ಬೇಕಾಗಿಬಿಡುತ್ತೆ." ಆಗ ಅವರ ಕಣ್ಣು ನನಗೆ ಹಿಡಿಸುತ್ತಿರಲಿಲ್ಲ. ಪುಸ್ತಕ ಒಂದು ಮನೆಯಿಂದ ಹೊರಟರೆ ಆ ಮನೆಯಲ್ಲಿ ಏನು ಕಡಿಮೆಯಾಗುತ್ತದೆ ಎಂಬುದು ಅವರ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಕರುಣಮ್ಮ ಸಿಕ್ಕಿದ್ದು ಹೆಗ್ಗನಹಳ್ಳಿಯಲ್ಲಿ. ಎರಡು ಕೋಣೆಯ ಬಾಡಿಗೆ ಮನೆ, ಮೇಲೆ ಶೀಟು. ಮಿಷನ್ ಶಾಲೆಯೊಂದರಲ್ಲಿ ಆಯಾ ಆಗಿದ್ದ ಮುದುಕಿ. ಮಗ ಜಯರಾಜ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವನು, ಇನ್ನೂ ಮದುವೆಯಾಗಿರಲಿಲ್ಲ. ಕರುಣಮ್ಮನ ಅಜ್ಜ ಹಳ್ಳಿಗಳಲ್ಲಿ ಸುವಾರ್ತೆ ಹೇಳುತ್ತ ತಿರುಗಿದವರು. ಅವರು ಬಿಟ್ಟುಹೋದದ್ದು ಅಂಗೈಗಿಂತ ಸ್ವಲ್ಪ ದೊಡ್ಡದಾದ, ಕಂದು ಚರ್ಮದ ರಟ್ಟಿನ ಒಂದು ಪುಸ್ತಕ. ಸಾವು ಮತ್ತು ಸತ್ತ ಮೇಲಿನ ಗತಿಯ ಬಗ್ಗೆ ಪ್ರಶ್ನೆ, ಉತ್ತರ.

ಅದನ್ನು ಮೊದಲ ಸಲ ತೆರೆದಾಗ ಮೇಷ್ಟ್ರು ಕಾಫಿ ಲೋಟವನ್ನು ದೂರ ಸರಿಸಿಟ್ಟದ್ದನ್ನು ನಾನು ಕಂಡೆ. ಅಂಥದ್ದೊಂದು ಅಚ್ಚಾಗಿತ್ತೆಂದು ಅವರಿಗೆ ಗೊತ್ತಿತ್ತು. ಬೇರೆ ಎಲ್ಲಿಯೂ ಒಂದು ಪ್ರತಿ ಉಳಿದಿರಲಿಲ್ಲ. ಇಲ್ಲಿನ ಗ್ರಂಥಾಲಯಗಳಲ್ಲಿ ಇರಲಿಲ್ಲ, ಹೊರದೇಶದವರಿಗೆ ಬರೆದು ಕೇಳಿದರೆ ಅವರಲ್ಲೂ ಇರಲಿಲ್ಲ. ಹುಲಿ ತಿಂದವನು, ಕೆರೆಯಲ್ಲಿ ಮುಳುಗಿದವನು, ಸುಟ್ಟು ಬೂದಿಯಾದವನು, ಇವರೆಲ್ಲ ಕಡೆಯ ದಿನ ಯಾವ ದೇಹದಲ್ಲಿ ಏಳುತ್ತಾರೆಂದು ಆ ಪುಸ್ತಕ ಕೇಳುತ್ತಿತ್ತು, ತಾಳ್ಮೆಯಿಂದ ಉತ್ತರವನ್ನೂ ಕೊಡುತ್ತಿತ್ತು. 'ಪುನರುತ್ಥಾನ' ಎಂಬ ಪದ ಅದರಲ್ಲಿರಲಿಲ್ಲ. 'ತಿರಿಗಿ ಏಳುವದು' ಎಂದಿತ್ತು. "ಪುನರುತ್ಥಾನ ಅಂದ್ರೆ ಪಂಡಿತರು ಕೆಮ್ಮಿದ ಹಾಗೆ. ತಿರಿಗಿ ಏಳೋದು ಅಂದ್ರೆ ಮನುಷ್ಯರ ಮಾತು," ಎಂದು ಕಾರಿನಲ್ಲಿ ದಾರಿಯುದ್ದಕ್ಕೂ ಹೇಳಿದರು.

ಕರುಣಮ್ಮನಿಗೆ ಕಣ್ಣು ಮಂಜಾಗಿತ್ತು. ಶನಿವಾರಗಳಂದು ಮೇಷ್ಟ್ರು ಹೋಗಿ ಆ ಪುಸ್ತಕವನ್ನು ಅವರಿಗೆ ಓದಿ ಹೇಳತೊಡಗಿದರು. ದೇವರ ವಿಚಾರ ಗೊತ್ತಿಲ್ಲವೆನ್ನುವವರು ಕಡೆಯ ದಿನದ ಕಹಳೆಯನ್ನು ಕ್ಲಾಸಿನ ಧ್ವನಿಯಲ್ಲಿ ಓದುವರು, ಮುದುಕಿ ಕಣ್ಣು ಮುಚ್ಚಿ ಕೇಳುವರು. ಮೊದಮೊದಲು ಅದು ಪುಸ್ತಕಕ್ಕಾಗಿ ಹಾಕಿದ ಬಲೆಯೇ. ಆಮೇಲೆ ಹಾಗಿರಲಿಲ್ಲವೆಂದು ನನಗನ್ನಿಸುತ್ತದೆ. ಒಂದು ವಾರ ಹೋಗಲಾಗದಿದ್ದರೆ ಅವರಿಗೇ ಕಸಿವಿಸಿ.

ಒಂದು ಮಳೆಗಾಲದಲ್ಲಿ ಶೀಟು ಸೋರಿ ಹಾಸಿಗೆಯೆಲ್ಲ ನೆನೆಯಿತು. ಮುಂದಿನ ಶನಿವಾರ ಕರುಣಮ್ಮ ಪುಸ್ತಕವನ್ನು ಟವೆಲಿನಲ್ಲಿ ಸುತ್ತಿ ಮೇಷ್ಟ್ರ ಕೈಗಿಟ್ಟರು.

"ಮೇಷ್ಟ್ರೇ, ಇಲ್ಲಿದ್ರೆ ಇದು ಹಾಳಾಗೋಗುತ್ತೆ. ನಿಮ್ಮನೇಲಿಟ್ಕೊಳ್ಳಿ. ನಾನು ಹೋದಾಗ ತಂದು ನನ್ನ ಕೈಗೆ ಕೊಡ್ಬೇಕು. ಪೆಟ್ಟಿಗೆ ಮುಚ್ಚೋಕ್ ಮುಂಚೆ."

"ಕೈಗೆ ಅಂದ್ರೆ?" ಎಂದರು ಮೇಷ್ಟ್ರು.

"ನನ್ ಜೊತೇಲೆ ಹೋಗ್ಬೇಕು. ತಾತ ಅದನ್ನ ನಂಗ್ ಕೊಟ್ಟಿದ್ದು. ಎದ್ದಾಗ ಕೈಲಿರ್ಬೇಕು."

ಜಯರಾಜ ಬಾಗಿಲಲ್ಲಿ ನಿಂತಿದ್ದ. ಮೇಷ್ಟ್ರು ಅವನ ಮುಖ ನೋಡಿದರು. "ಅಮ್ಮನ ಆಸೆ ಸಾರ್," ಎಂದ ಅವನು. ಮೇಷ್ಟ್ರು "ಆಯ್ತಮ್ಮ" ಎಂದರು. ಕಾರಿನಲ್ಲಿ ಆ ಟವೆಲಿನ ಗಂಟನ್ನು ಮನೆ ಬರುವವರೆಗೂ ತೊಡೆಯಿಂದ ಇಳಿಸಲಿಲ್ಲ.

ಎರಡು ವರ್ಷದ ನಂತರ ಕರುಣಮ್ಮ ಹೋದರು. ಜಯರಾಜ ಬೆಳಗ್ಗೆ ಫೋನ್ ಮಾಡಿ, "ಸಾರ್‌ಗೆ ಹೇಳಿ ಮೇಡಂ, ಪುಸ್ತಕ ತರೋಕೆ," ಎಂದ. ನಾನು ಬಸವೇಶ್ವರನಗರಕ್ಕೆ ಹೋದಾಗ ಮೇಷ್ಟ್ರು ಸಿದ್ಧವಾಗಿರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಬಹಳ ಹೊತ್ತು ಕಾದ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಪುಸ್ತಕ ಹಿಡಿದುಕೊಂಡು ಹೊರಬಂದರು. ಬೆರಳಿಗೆ ಅಂಟು ಮೆತ್ತಿತ್ತು.

ಹೆಗ್ಗನಹಳ್ಳಿಯ ಆ ಚಿಕ್ಕ ಕೋಣೆಯಲ್ಲಿ ಪಾದ್ರಿಗಳು ಪ್ರಾರ್ಥನೆ ಮುಗಿಸಿದರು. ಮೇಷ್ಟ್ರು ಬಟ್ಟೆ ಬಿಚ್ಚಿದರು. ಅದೇ ಕಂದು ಚರ್ಮದ ರಟ್ಟು. ಜಯರಾಜ ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅದನ್ನು ಹಿಡಿಸಿದ. ಬೆರಳು ಸೆಟೆದಿದ್ದರಿಂದ ಅದು ಸುಲಭವಾಗಿರಲಿಲ್ಲ. ಕೆಲಸ ಮುಗಿದ ಮೇಲೆ ಅವನು ಮೇಷ್ಟ್ರ ಎರಡೂ ಕೈ ಹಿಡಿದು, "ಅಮ್ಮಂಗೆ ಮಾತು ಕೊಟ್ರಿ, ಉಳಿಸಿಕೊಂಡ್ರಿ ಸಾರ್," ಎಂದು ಅತ್ತ. ಮೇಷ್ಟ್ರು ಕೈ ಬಿಡಿಸಿಕೊಳ್ಳಲು ನೋಡಿದರು. ದುಃಖ ತಡೆಯಲಾಗದೆ ಹಾಗೆ ಮಾಡುತ್ತಿದ್ದಾರೆಂದು ನಾನಂದುಕೊಂಡೆ.

ತಿಂಗಳು ಕಳೆದ ಮೇಲೆ ಒಂದು ಸಂಜೆ ಅವರು ನನ್ನನ್ನು ಕರೆಸಿ ಬೀರು ತೆಗೆದರು. ರಟ್ಟಿಲ್ಲದ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟರು. ಮೊದಲ ಪುಟ ನೋಡಿದ ಕೂಡಲೇ ಗುರುತು ಸಿಕ್ಕಿತು.

"ಅವತ್ತು ಮಣ್ಣಿಗೆ ಹೋಗಿದ್ದು?"

"ಅದೇ ಅಳತೇದು ಬೇರೆ ಪುಸ್ತಕ. ಅದರದ್ದು ನನ್ನ ಹತ್ರ ಎರಡು ಪ್ರತಿ ಇತ್ತು, ಒಂದು ಹುಳು ತಿಂದಿದ್ದು. ಇದರ ರಟ್ಟು ಬಿಚ್ಚಿ ಅದಕ್ಕೆ ಹಾಕ್ದೆ."

ನಾನು ಪುಸ್ತಕವನ್ನು ಅವರ ಕಡೆಗೆ ತಳ್ಳಿದೆ. "ಫೋಟೋ ತೆಗೆದಿಟ್ಕೊಂಡು ಇದನ್ನೇ ಕೊಡಬಹುದಿತ್ತಲ್ಲ ಸಾರ್," ಎಂದೆ.

"ತೆಗೆದಿದೀನಿ. ಪ್ರತಿ ಪುಟಾನೂ. ನಿಮ್ಮ ತಾಯಿ ಫೋಟೋ ಮನೇಲಿದ್ರೆ ತಾಯಿ ಇದ್ದ ಹಾಗಾ ಮೇಡಂ?"

"ಅದು ಅವರ ಪುಸ್ತಕ."

"ಗೊತ್ತು. ಅವರಿಗೆ ಇನ್ನು ಗೊತ್ತಾಗಲ್ಲ ಅಂತಾನೂ ಗೊತ್ತು," ಎಂದರು. ಪುಸ್ತಕವನ್ನು ಮತ್ತೆ ಬೀರುವಿಗಿಟ್ಟು, "ಲೋಕದಲ್ಲಿ ಒಂದೇ ಒಂದು. ಅದನ್ನ ಮಣ್ಣಿಗೆ ಹಾಕೋ ಕೈ ನನ್ನದಾಗ್ಬಾರ್ದು ಅನ್ನಿಸ್ತು," ಎಂದರು.

ಗಿರಿಜಕ್ಕನಿಗೆ ರಟ್ಟು ಬದಲಾಯಿಸಿದ ದಿನವೇ ತಿಳಿದಿತ್ತು. ಅವರು ಜಗಳವಾಡಲಿಲ್ಲ. ಪ್ರತಿ ಶುಕ್ರವಾರ ಎರಡೂ ಬೀರುಗಳನ್ನು ಒರೆಸುತ್ತಿದ್ದವರು ಅಂದಿನಿಂದ ತಮ್ಮ ಬೀರುವನ್ನಷ್ಟೇ ಒರೆಸಿದರು. ಇನ್ನೊಂದರ ಮೇಲೆ ಧೂಳು ಕೂತಿತು.

ಆಮೇಲೆ ನಡೆದದ್ದನ್ನು ಮೇಷ್ಟ್ರು ಎಣಿಸಿರಲಿಲ್ಲ. ಆ ಪುಸ್ತಕವನ್ನು ಲೋಕಕ್ಕೆ ಉಳಿಸಿದೆನೆಂದುಕೊಂಡಿದ್ದವರಿಗೆ ಅದನ್ನು ಲೋಕಕ್ಕೆ ತೋರಿಸಲು ಆಗಲಿಲ್ಲ. ಅದರ ಬಗ್ಗೆ ಎಲ್ಲಾದರೂ ಬರೆದರೆ ಜಯರಾಜನ ಕಿವಿಗೆ ಬೀಳದೆ ಇರುತ್ತಿರಲಿಲ್ಲ. ನಾಗರಬಾವಿಯ ಕಡೆಯಿಂದ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ಬಂದು, ಸಾವಿನ ಬಗೆಗಿನ ಆ ಪ್ರಶ್ನೋತ್ತರ ಎಲ್ಲಾದರೂ ಸಿಕ್ಕಿದೆಯೇ ಎಂದು ಕೇಳಿದಾಗ ನಾನೂ ಅಲ್ಲಿದ್ದೆ. "ಇಲ್ಲಮ್ಮ, ಅದು ಉಳಿದಿಲ್ಲ," ಎಂದರು ಮೇಷ್ಟ್ರು, ಬೀರುವಿಗೆ ಬೆನ್ನು ಹಾಕಿ ಕೂತು. ಆ ಹುಡುಗಿ ಹೋದ ಮೇಲೆ ಚಹಾ ಮುಟ್ಟಲಿಲ್ಲ. ಹುಡುಕಾಟ ಅಲ್ಲಿಗೆ ನಿಂತಿತು. ನನ್ನ ಕಾರಿನ ಅಗತ್ಯವೂ ಬೀಳಲಿಲ್ಲ.

ಜಯರಾಜನಂತೂ ಅವರನ್ನು ಬಿಡಲಿಲ್ಲ. ತಾಯಿಯ ಮಾತು ಉಳಿಸಿದವರೆಂದು ಪ್ರತಿ ಕ್ರಿಸ್ಮಸ್ಸಿಗೆ ಡಬ್ಬಿಯಲ್ಲಿ ಕಲ್‌ಕಲ್ ಎಂಬ ಕರಿದ ಸಿಹಿತಿಂಡಿ, ಕೇಕು ಹಿಡಿದುಕೊಂಡು ಬರುತ್ತಿದ್ದ. ಮೇಷ್ಟ್ರು ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿಯುತ್ತಿದ್ದರು. ಅವರ ಕಿಡ್ನಿ ಕೆಟ್ಟು ಡಯಾಲಿಸಿಸ್ ಶುರುವಾದಾಗ ಕಷ್ಟವಾದದ್ದು ಎರಡು ಮಹಡಿಯ ಮೆಟ್ಟಿಲು. ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ವಿಷಯ ಕೇಳಿದ ಜಯರಾಜ ತನ್ನ ಶಿಫ್ಟು ಬದಲಾಯಿಸಿಕೊಂಡು ಬಂದ. ಅವರನ್ನು ಮಗುವಿನಂತೆ ಎತ್ತಿಕೊಂಡು ಕೆಳಗಿಳಿಸುತ್ತಿದ್ದ, ಆಸ್ಪತ್ರೆಯಿಂದ ಮರಳಿದ ಮೇಲೆ ಮತ್ತೆ ಹೊತ್ತು ತರುತ್ತಿದ್ದ. ಅವನ ಭುಜದ ಮೇಲೆ ಮೇಷ್ಟ್ರ ಮುಖ ನಾನು ನೋಡಿದ್ದೇನೆ. ಆ ಮುಖವನ್ನು ಗಿರಿಜಕ್ಕ ನೋಡುತ್ತಿರಲಿಲ್ಲ, ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

ಒಂದು ಬೆಳಗ್ಗೆ ಜಯರಾಜ ಬಂದಾಗ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ರಟ್ಟಿಲ್ಲದ ಪುಸ್ತಕವಿತ್ತು. ನನ್ನನ್ನು ಬರಹೇಳಿದ್ದರು.

"ಜಯರಾಜ, ಒಂದು ನಿಮಿಷ ಕೂತ್ಕೊಪ್ಪ."

"ಟೈಮಾಗುತ್ತೆ ಸಾರ್, ದಾರೀಲಿ ಮಾತಾಡೋಣ."

"ಕೂತ್ಕೊ. ಇದು ನಿಮ್ಮಮ್ಮನ ಪುಸ್ತಕ. ಅವತ್ತು ನಾನು ಕೊಟ್ಟಿದ್ದು ಬೇರೆ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಮೇಷ್ಟ್ರು ಎಲ್ಲವನ್ನೂ ಹೇಳಿದರು. ರಟ್ಟು ಬಿಚ್ಚಿದ್ದು, ಅಂಟಿಸಿದ್ದು, ಸಂಶೋಧನೆಯ ಹುಡುಗಿಗೆ ಸುಳ್ಳು ಹೇಳಿದ್ದು, ಯಾವುದನ್ನೂ ಬಿಡಲಿಲ್ಲ. ಕ್ಷಮಿಸು ಎಂದು ಕೇಳಲಿಲ್ಲ. ಜಯರಾಜ ತನ್ನ ಅಂಗೈ ನೋಡಿಕೊಳ್ಳುತ್ತ ಕೂತಿದ್ದ.

"ಬೆರಳು ಬಿಡಿಸಿ ನಾನೇ ಹಿಡಿಸಿದ್ದು ಸಾರ್," ಎಂದ ಕೊನೆಗೆ. "ಅದರಲ್ಲಿ ಏನಿತ್ತು? ಅಮ್ಮನ ಕೈಲಿರೋದ್ರಲ್ಲಿ?"

ಮೇಷ್ಟ್ರು ತೊಡೆಯ ಮೇಲಿನ ಪುಸ್ತಕದ ಅಂಚು ಸವರಿದರು. "ಚರ್ಚ್ ಸಭೆಯ ನಿಯಮಗಳು. ತಪ್ಪು ಮಾಡಿದೋರನ್ನ ಯಾವಾಗ ಸಭೆಯಿಂದ ಹೊರಗೆ ಹಾಕ್ಬೇಕು, ಅದೆಲ್ಲ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಜಯರಾಜ ಎದ್ದ. ಹೊರಟೇಬಿಡುತ್ತಾನೆ ಎಂದುಕೊಂಡೆ. ಅವನು ಪುಸ್ತಕವನ್ನು ಮೇಷ್ಟ್ರ ತೊಡೆಯಿಂದ ತೆಗೆದು ನನ್ನ ಕೈಗೆ ಕೊಟ್ಟು, ಬಗ್ಗಿ, ಎಂದಿನಂತೆ ಅವರನ್ನು ಎತ್ತಿಕೊಂಡ. "ಬನ್ನಿ, ಟೈಮಾಯ್ತು," ಎಂದಷ್ಟೇ ಅಂದ. ಮೆಟ್ಟಿಲಿನ ತಿರುವಿನಲ್ಲಿ ಅವರ ತಲೆ ಗೋಡೆಗೆ ತಾಗದಂತೆ ಕೈ ಅಡ್ಡ ಹಿಡಿದ. ಸಂಜೆ ಮತ್ತೆ ಮೇಲೆ ತಂದು ಮಲಗಿಸಿದ. ಪುಸ್ತಕ ತೆಗೆದುಕೊಂಡು ಹೋದ. ಆಮೇಲೆ ಆ ಮನೆಗೆ ಅವನು ಕಾಲಿಡಲಿಲ್ಲ.

ಭಾನುವಾರ ನನಗೆ ಜಯರಾಜನ ಫೋನ್ ಬಂತು. "ಮೇಡಂ, ಸ್ಮಶಾನಕ್ಕೆ ಬರ್ತೀರಾ? ಅವತ್ತೂ ನೀವಿದ್ರಿ."

ಕ್ರೈಸ್ತರ ಸ್ಮಶಾನದಲ್ಲಿ ಹಿಂದಿನ ದಿನದ ಮಳೆಯ ಕೆಸರಿತ್ತು. ಕರುಣಮ್ಮನ ಸಮಾಧಿಯ ತಲೆದೆಸೆಯಲ್ಲಿ ಜಯರಾಜ ಚಿಕ್ಕ ಹಾರೆಯಿಂದ ಅಗೆದ. ಸಾಕಷ್ಟು ಆಳವಾದ ಮೇಲೆ ಕೈ ಒರೆಸಿಕೊಂಡು ಪುಸ್ತಕ ತೆರೆದ. ಒಂದು ಪುಟವನ್ನಾದರೂ ಓದಬೇಕೆಂದಿದ್ದನೇನೋ. ಜಾಗವಿಲ್ಲದೆ ಒತ್ತಿಕೊಂಡಿದ್ದ ಆ ಅಕ್ಷರಗಳ ಮೇಲೆ ಬೆರಳಿಟ್ಟು ಒಂದು ಸಾಲು ಒದ್ದಾಡಿ ನಿಲ್ಲಿಸಿದ.

"ಓದೋಕಾಗ್ತಿಲ್ಲ ಮೇಡಂ. ಸಾರ್ ಓದ್ತಿದ್ರು, ಅಮ್ಮ ಕೇಳ್ತಿದ್ಲು. ನಾನ್ ಯಾವತ್ತೂ ನೋಡ್ಲೇ ಇಲ್ಲ."

ಕಾರಿನಲ್ಲಿ ಒಂದು ಪ್ಲಾಸ್ಟಿಕ್ ಕವರಿದೆ, ತರಲೇ ಎಂದು ಕೇಳಿದೆ.

"ಬೇಡ. ಅಮ್ಮನ ಹತ್ರ ಇರ್ಲಿ ಅಂತ ಹಾಕ್ತಿರೋದು. ಉಳೀಲಿ ಅಂತಲ್ಲ."

ಪುಸ್ತಕವನ್ನು ಇಟ್ಟ. ಮಣ್ಣು ಎಳೆದ. ಅಂಗೈಯಿಂದ ತಟ್ಟಿ ಸಮ ಮಾಡಿದ. ಪ್ರಾರ್ಥನೆ ಮಾಡಲಿಲ್ಲ. ಮೇಷ್ಟ್ರಿಗೆ ಏನಾದರೂ ಹೇಳಬೇಕೇ ಎಂದಾಗ ಏನಿಲ್ಲವೆಂದು ತಲೆಯಾಡಿಸಿ ಹಾರೆ ಎತ್ತಿಕೊಂಡು ನಡೆದ.

ಪುಟಗಳ ಫೋಟೋಗಳು ಈಗ ನನ್ನ ಬಳಿ ಇವೆ. ಜಯರಾಜ ಒಪ್ಪಿದರೆ ಮಾತ್ರ ಯಾರಿಗಾದರೂ ಕೊಡಿ ಎಂದು ಮೇಷ್ಟ್ರು ಹೇಳಿಹೋಗಿದ್ದಾರೆ. ನಾನು ಅವನನ್ನು ಇನ್ನೂ ಕೇಳಿಲ್ಲ. ಅವರು ತೀರಿಕೊಂಡ ಸುದ್ದಿಯನ್ನು ನಾನೇ ಅವನಿಗೆ ತಿಳಿಸಿದೆ. "ಹೌದಾ ಮೇಡಂ," ಎಂದ. ಚಿತಾಗಾರಕ್ಕೆ ಬರಲಿಲ್ಲ.

ಸ್ಮಶಾನದಿಂದ ಆ ಭಾನುವಾರ ನಾನು ನೇರವಾಗಿ ಬಸವೇಶ್ವರನಗರಕ್ಕೆ ಹೋಗಿದ್ದೆ. ಗಿರಿಜಕ್ಕ ನನ್ನ ಚಪ್ಪಲಿಯ ಕೆಸರು ನೋಡಿ ಏನೂ ಕೇಳದೆ ಒಳಗೆ ಬಿಟ್ಟರು. ಮೇಷ್ಟ್ರು ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಡೆದದ್ದನ್ನು ಹೇಳಿದೆ.

"ಪ್ಲಾಸ್ಟಿಕ್ ಗಿಲಾಸ್ಟಿಕ್ ಸುತ್ತಿದ್ನಾ?"

"ಇಲ್ಲ ಸಾರ್. ಹಾಗೇ ಇಟ್ಟ."

"ಮಣ್ಣು ಒದ್ದೆ ಇತ್ತಾ?"

"ಇತ್ತು. ನಿನ್ನೆ ಮಳೆ ಬಂದಿತ್ತಲ್ಲ."

ಅವರು ಬೆರಳುಗಳನ್ನು ಒಂದಕ್ಕೊಂದು ಉಜ್ಜಿದರು, ಹಳೆಯ ಕಾಗದದ ದಪ್ಪ ನೋಡುವಾಗ ಮಾಡುತ್ತಿದ್ದ ಹಾಗೆ.

"ಹಾಗಾದ್ರೆ ಮಣ್ಣಾಗೋಕೆ ಬಹಳ ದಿನ ಹಿಡಿಯಲ್ಲ ಬಿಡಿ," ಎಂದರು.